ಲೆಕ್ಕಪತ್ರ ವಿಭಾಗದಲ್ಲಿ ಕೀಲಿಮಣೆಯ ಶಿಸ್ತು

ವಾಣಿಜ್ಯ ಸಂಸ್ಥೆಗಳಲ್ಲಿ ಗಣಕಯಂತ್ರದ ಬಳಕೆ ಇಂದು ಸರ್ವೇಸಾಮಾನ್ಯವಾಗಿದೆ. ಹೊಸ ಯಂತ್ರ, ವೇಗದ ಅಂತರ್ಜಾಲ ಸಂಪರ್ಕ, ನವೀಕರಿಸಿದ ತಂತ್ರಾಂಶ ಇವುಗಳಿಗೆ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಹಿಂದೆಮುಂದೆ ನೋಡದೆ ಹಣ ತೊಡಗಿಸುತ್ತಾರೆ. ಆದರೆ ಯಂತ್ರದ ಮುಂದೆ ಕುಳಿತ ಗುಮಾಸ್ತರು ಪ್ರತಿ ನಮೂದಿಗೂ ಕೀಲಿಮಣೆಯಿಂದ ಕೈ ತೆಗೆದು ಮೌಸ್ ಹಿಡಿದು, ಪರದೆಯ ಮೇಲೆ ಬಾಣವನ್ನು ಅಲೆದಾಡಿಸಿ, ಮತ್ತೆ ಕೀಲಿಮಣೆಗೆ ಮರಳುತ್ತಿದ್ದರೆ ಆ ಬಂಡವಾಳದ ಒಂದು ಭಾಗ ವ್ಯರ್ಥವಾದಂತೆಯೇ ಸರಿ. ಶಾರ್ಟ್‌ಕಟ್ ಕೀಲಿಗಳ ಬಳಕೆ ಲೆಕ್ಕ ಬರೆಯುವ ಕಸುಬಿನದೇ ಒಂದು ಅಂಗ. ಅದನ್ನು ಸಿಬ್ಬಂದಿಗೆ ಕಲಿಸುವ ಹೊಣೆ ಮಾಲೀಕರದು.

ಟೈಪ್‌ರೈಟರ್‌ಗಳ ಕಾಲದಲ್ಲಿ ಬೆರಳಚ್ಚುಗಾರರನ್ನು ನೇಮಿಸಿಕೊಳ್ಳುವಾಗ ಜೂನಿಯರ್, ಸೀನಿಯರ್ ಪರೀಕ್ಷೆಗಳ ಪ್ರಮಾಣಪತ್ರವನ್ನು ಕೇಳುವುದು ವಾಡಿಕೆಯಾಗಿತ್ತು. ವೇಗ ಎಷ್ಟು, ತಪ್ಪು ಎಷ್ಟು ಎಂಬ ಎರಡೂ ಅಳತೆಗಳಿಗೆ ಬೆಲೆಯಿತ್ತು. ಇಂದು 'ಟ್ಯಾಲಿ ಬರುತ್ತದೆಯೇ?' ಎಂಬ ಪ್ರಶ್ನೆಗೆ 'ಬರುತ್ತದೆ' ಎಂಬ ಉತ್ತರ ದೊರೆತರೆ ಅಲ್ಲಿಗೆ ಸಂದರ್ಶನ ಮುಗಿಯುತ್ತದೆ.

ಟ್ಯಾಲಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಪುತ್ರ ಭರತ್ ಗೋಯೆಂಕಾ ಅವರು 1986ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಸ್ಥೆಯ ಈ ತಂತ್ರಾಂಶವು ಮೌಸ್ ಬಳಕೆ ವ್ಯಾಪಕವಾಗುವ ಮೊದಲೇ ರೂಪುಗೊಂಡಿತು. ಆದ್ದರಿಂದ ಅದರ ಬಹುತೇಕ ಕೆಲಸಗಳನ್ನು ಕೀಲಿಮಣೆಯಿಂದಲೇ ಮಾಡಬಹುದು. ಪಾವತಿಗೆ ಎಫ್5, ರಸೀದಿಗೆ ಎಫ್6, ಜರ್ನಲ್‌ಗೆ ಎಫ್7, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9, ದಿನಾಂಕ ಬದಲಿಸಲು ಎಫ್2. ವೋಚರ್ ಬರೆಯುತ್ತಿರುವಾಗ ಹೊಸ ಗ್ರಾಹಕರ ಖಾತೆ ತೆರೆಯಬೇಕಾದರೆ ಆಲ್ಟ್ ಮತ್ತು ಸಿ ಒತ್ತಿದರೆ ಸಾಕು. ಬರೆದುದನ್ನು ಬಿಟ್ಟು ಹೊರಬರಬೇಕಾಗಿಲ್ಲ. ಎಕ್ಸೆಲ್‌ನಲ್ಲಿ ಆಲ್ಟ್‌ನೊಡನೆ ಸಮಚಿಹ್ನೆ ಒತ್ತಿದರೆ ಮೊತ್ತದ ಸೂತ್ರ ಮೂಡುತ್ತದೆ; ಕಂಟ್ರೋಲ್, ಶಿಫ್ಟ್ ಮತ್ತು ಎಲ್ ಒಟ್ಟಿಗೆ ಒತ್ತಿದರೆ ಪಟ್ಟಿಗೆ ಫಿಲ್ಟರ್ ಬರುತ್ತದೆ.

ಇದರಿಂದ ಆಗುವ ಉಳಿತಾಯವೆಷ್ಟು? ಒಂದು ಸಂಸ್ಥೆಯಲ್ಲಿ ದಿನಕ್ಕೆ 100 ವೋಚರ್‌ಗಳು ದಾಖಲಾಗುತ್ತವೆ, ಪ್ರತಿಯೊಂದರಲ್ಲಿ 6 ಸೆಕೆಂಡು ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 10 ನಿಮಿಷ, 300 ದಿನಗಳಿಗೆ 50 ಗಂಟೆ. ಎಂಟು ಗಂಟೆಯ ಲೆಕ್ಕದಲ್ಲಿ ಇದು ಆರು ದಿನಗಳಿಗೂ ಮಿಗಿಲಾದ ದುಡಿಮೆ.

ಆದರೆ ಉಳಿದ ಸಮಯ ಎಲ್ಲಿಗೆ ಹೋಗಬೇಕು ಎಂಬುದು ಹೆಚ್ಚು ಮಹತ್ವದ ಪ್ರಶ್ನೆ. ಮಾಸಿಕ ವಿವರ ಸಲ್ಲಿಸುವ ವರ್ತಕರಿಗೆ ಜಿಎಸ್‌ಟಿಆರ್-1ಕ್ಕೆ ಮುಂದಿನ ತಿಂಗಳ 11, ಜಿಎಸ್‌ಟಿಆರ್-3ಬಿಗೆ 20 ಕಡೆಯ ದಿನ. ಇವೆರಡರ ನಡುವೆ, 14ರಂದು, ಜಿಎಸ್‌ಟಿಆರ್-2ಬಿ ಸಿದ್ಧವಾಗುತ್ತದೆ. ಪೂರೈಕೆದಾರರು ತಮ್ಮ ವಿವರದಲ್ಲಿ ತೋರಿಸದ ಬಿಲ್ಲಿಗೆ 2022ರ ಜನವರಿ 1ರಿಂದ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಆದ್ದರಿಂದ ಖರೀದಿ ಪುಸ್ತಕವನ್ನು 2ಬಿಯೊಡನೆ ತಾಳೆ ನೋಡಲು ಸಿಗುವುದು ಆರೇ ದಿನ. ಆ ದಿನಗಳಲ್ಲಿಯೂ ಗುಮಾಸ್ತರು ಹಳೆಯ ಬಿಲ್ಲುಗಳನ್ನು ನಮೂದಿಸುವುದರಲ್ಲೇ ಮುಳುಗಿದ್ದರೆ ತಾಳೆ ನೋಡುವವರಾರು? ನಷ್ಟ ವರ್ತಕರ ಜೇಬಿಗೇ.

ವೇಗಕ್ಕೆ ಇನ್ನೊಂದು ಮುಖವೂ ಉಂಟು. ಟ್ಯಾಲಿಯಲ್ಲಿ ಕಂಟ್ರೋಲ್ ಮತ್ತು ಎ ಒತ್ತಿದೊಡನೆ, ಉಳಿದ ಅಂಕಣಗಳ ಮೇಲೆ ಕಣ್ಣಾಡಿಸದಿದ್ದರೂ ವೋಚರ್ ದಾಖಲಾಗಿಬಿಡುತ್ತದೆ. ವಿವರಣೆಯಿಲ್ಲದ ನಮೂದುಗಳು ಹೀಗೆಯೇ ಹುಟ್ಟುತ್ತವೆ. ಮಾರ್ಚ್ ಕಳೆದ ಮೇಲೆ ಅವು ಏಕೆ ಬರೆದವು ಎಂಬುದು ಬರೆದವರಿಗೂ ನೆನಪಿರುವುದಿಲ್ಲ. ಆಲ್ಟ್ ಮತ್ತು ಡಿ ವೋಚರನ್ನು ಅಳಿಸುತ್ತದೆ. ಆಲ್ಟ್ ಮತ್ತು ಎಕ್ಸ್ ಅದನ್ನು ರದ್ದುಗೊಳಿಸಿ ಸಂಖ್ಯೆಯನ್ನು ಉಳಿಸುತ್ತದೆ. ಬಿಲ್ಲುಗಳಿಗೆ ಅನುಕ್ರಮ ಸಂಖ್ಯೆ ಇರಬೇಕೆಂಬ ನಿಯಮವಿದ್ದು, ಜಿಎಸ್‌ಟಿಆರ್-1ರಲ್ಲಿ ರದ್ದಾದ ದಾಖಲೆಗಳ ಲೆಕ್ಕವನ್ನೂ ಕೊಡಬೇಕಾಗಿರುವುದರಿಂದ ಈ ಎರಡು ಕೀಲಿಗಳ ಅಂತರವನ್ನು ಅರಿಯದ ವೇಗ ಅಪಾಯಕಾರಿ. ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕಸಹಿತ ದಾಖಲಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅವಸರದ ತಪ್ಪನ್ನು ಸದ್ದಿಲ್ಲದೆ ಸರಿಪಡಿಸುವ ಕಾಲ ಅವುಗಳಿಗೆ ಮುಗಿದಿದೆ.

ಹಾಗಾದರೆ ಮಾಡಬೇಕಾದುದೇನು? ಸಂಸ್ಥೆಯಲ್ಲಿ ನಿತ್ಯ ಬೇಕಾಗುವ ಹತ್ತು ಶಾರ್ಟ್‌ಕಟ್‌ಗಳ ಪಟ್ಟಿಯೊಂದನ್ನು ಪ್ರತಿ ಮೇಜಿನ ಮೇಲೂ ಅಂಟಿಸುವುದು. ವಾರಕ್ಕೆ ಎರಡರಂತೆ ಅಭ್ಯಾಸ ಮಾಡಿಸುವುದು. ಹೊಸಬರನ್ನು ನೇಮಿಸುವಾಗ ಹತ್ತು ಬಿಲ್ಲುಗಳನ್ನು ಕೊಟ್ಟು, ತೆಗೆದುಕೊಂಡ ಸಮಯವನ್ನೂ ಆದ ತಪ್ಪುಗಳನ್ನೂ ಗುರುತು ಹಾಕಿಕೊಳ್ಳುವುದು. ಉಳಿಸಿ ಎಂಬ ಕೀಲಿ ಒತ್ತುವ ಮುನ್ನ ಪಕ್ಷಕಾರರ ಹೆಸರು, ಜಿಎಸ್‌ಟಿ ಸಂಖ್ಯೆ, ತೆರಿಗೆ ದರ ಮತ್ತು ಮೊತ್ತ ಈ ನಾಲ್ಕನ್ನು ಓದುವುದು ಕಡ್ಡಾಯವೆಂದು ತಿಳಿಸುವುದು. ಕುರ್ಚಿ ಬಿಟ್ಟು ಏಳುವಾಗ ವಿಂಡೋಸ್ ಕೀಲಿಯೊಡನೆ ಎಲ್ ಒತ್ತಿ ಪರದೆಗೆ ಬೀಗ ಹಾಕುವ ಅಭ್ಯಾಸವನ್ನೂ ಇದರೊಡನೆ ಸೇರಿಸಬೇಕು. ತೆರೆದಿಟ್ಟ ಲೆಕ್ಕದ ಪರದೆ ತೆರೆದಿಟ್ಟ ಗಲ್ಲಾಪೆಟ್ಟಿಗೆಗಿಂತ ಕಡಿಮೆ ಅಪಾಯದ್ದಲ್ಲ.

ಇವಾವುದಕ್ಕೂ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಮಾಲೀಕರು ವಾರದಲ್ಲಿ ಅರ್ಧ ಗಂಟೆ ಬಿಡುವು ಮಾಡಿಕೊಟ್ಟರೆ, ಮತ್ತು ತಾವೂ ಕಲಿಯಲು ಕುಳಿತರೆ, ಮುಂದಿನ ತಿಂಗಳ 14ರ ವೇಳೆಗೆ ತಾಳೆ ನೋಡಲು ಲೆಕ್ಕದ ಪುಸ್ತಕ ಸಿದ್ಧವಾಗಿರುತ್ತದೆ.