ಕಾಗದ ಯಾರ ಮೇಜಿನ ಮೇಲಿದೆ?



“ನಿಮ್ಮ ಅರ್ಜಿ ಮುಂದೆ ಹೋಗಿದೆ.” ಈ ಮಾತನ್ನು ಕೇಳದ ಕೆಲಸಗಾರ ಈ ಮುಂಬಯಿ ನಗರದಲ್ಲಿ ಇರಲಾರ. ಮುಂದೆ ಎಂದರೆ ಎಲ್ಲಿಗೆ? ಯಾರ ಹತ್ತಿರ? ಎಂದಿನಿಂದ? ಇಷ್ಟನ್ನು ಕೇಳುವವರು ನಮ್ಮಲ್ಲಿ ಬಹಳ ಕಡಿಮೆ. ಕೇಳುವುದಕ್ಕೆ ಸಂಕೋಚ, ಕೇಳಿದರೆ ಸಿಟ್ಟಾಗುವರೋ ಎಂಬ ಅಂಜಿಕೆ. ಈ ಅಂಜಿಕೆಗೆ ನಾವು ಕೊಡುವ ಬೆಲೆ ಎಷ್ಟು ಎಂಬುದನ್ನು ಈ ಸಂಚಿಕೆಯಲ್ಲಿ ಲೆಕ್ಕ ಹಾಕಿ ತೋರಿಸಬೇಕೆಂದಿದ್ದೇವೆ.

2025ರ ಮಳೆಗಾಲದ ಸಂಗತಿ. ನಮ್ಮ ಸಂಘದ ಒಬ್ಬ ಹಿರಿಯ ಸದಸ್ಯರು, ಒಂದೇ ಹೋಟೆಲಿನ ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದವರು, ಊರಿನಲ್ಲಿ ಮಗಳ ಕಾಲೇಜು ಫೀಸಿಗೆಂದು ತಮ್ಮ ಭವಿಷ್ಯ ನಿಧಿಯಿಂದ ಮುಂಗಡ ಕೇಳಿದರು. ಅರ್ಜಿ ತಿರಸ್ಕಾರವಾಯಿತು. ಕಾರಣ, ತಂದೆಯ ಹೆಸರು ತಾಳೆಯಾಗಲಿಲ್ಲ. ಅವರನ್ನು ಹುಡುಗನಾಗಿದ್ದಾಗ ಮುಂಬಯಿಗೆ ಕರೆತಂದವರು ಸೋದರಮಾವ. ಹೋಟೆಲಿನ ಗುಮಾಸ್ತರು ಅಂದು “ನಿನ್ನನ್ನು ತಂದವರು ಯಾರು?” ಎಂದು ಕೇಳಿ ಮಾವನ ಹೆಸರನ್ನೇ ತಂದೆಯ ಜಾಗದಲ್ಲಿ ಬರೆದಿದ್ದರು. ನಮ್ಮ ಕರಾವಳಿಯ ಎಷ್ಟೋ ಮಂದಿಯ ಪುಸ್ತಕದಲ್ಲಿ ಇಂಥ ತಪ್ಪು ಕುಳಿತಿದೆ.

ತಿದ್ದುಪಡಿಗೆ ಅವರು ಜೂನ್ 6ರಂದು ಅರ್ಜಿ ಹಾಕಿದರು. ಹೋಟೆಲಿನ ಮ್ಯಾನೇಜರರನ್ನು ಕೇಳಿದರೆ, “ನಮ್ಮಿಂದ ಹೋಗಿದೆ, ಆಫೀಸಿನಲ್ಲಿ ವಿಚಾರಿಸು” ಎಂದರು. ಒಂದು ದಿನದ ಸಂಬಳ ಕಳೆದುಕೊಂಡು ಆಫೀಸಿಗೆ ಹೋದರೆ, ಅಲ್ಲಿದ್ದವರು ಕಂಪ್ಯೂಟರ್ ನೋಡಿ, “ಇನ್ನೂ ನಿಮ್ಮ ಧಣಿಯ ಕಡೆಯಲ್ಲೇ ಇದೆ” ಎಂದು ಸರಿಯಾಗಿಯೇ ಹೇಳಿದರು. ಹೋಟೆಲಿಗೆ ಬಂದು ಹೇಳಿದರೆ, “ನಿನಗೇನು ಗೊತ್ತು?” ಎಂಬ ಉತ್ತರ. ಅತ್ತ ಕಾಲೇಜಿನ ಗಡುವು ಕಾಯಲಿಲ್ಲ. ಜೂನ್ ಮಧ್ಯದಲ್ಲಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ 40,000 ರೂಪಾಯಿ ಸಾಲ ಮಾಡಿದರು.

ಕೊನೆಗೆ ನಿಜ ಸಂಗತಿ ಹೊರಬಿತ್ತು. ಹೋಟೆಲಿನ ಲೆಕ್ಕದವರು ಮೇ ತಿಂಗಳಲ್ಲೇ ಕೆಲಸ ಬಿಟ್ಟು ಹೋಗಿದ್ದರು. ಒಪ್ಪಿಗೆ ಕೊಡುವ ಡಿಜಿಟಲ್ ಸಹಿ ಅವರ ಹೆಸರಿನಲ್ಲಿತ್ತು. ಆ ಕೆಲಸವನ್ನು ಬೇರೆ ಯಾರಿಗೂ ವಹಿಸಿರಲಿಲ್ಲ. ಧಣಿಗೆ ದ್ವೇಷವೇನೂ ಇರಲಿಲ್ಲ. ತನ್ನ ಮೇಜಿನ ಮೇಲೆ ಒಂದು ಕಾಗದ ಕುಳಿತಿದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ. ಸಂಘದಿಂದ ತಾರೀಕು ಸಹಿತ ಪತ್ರ ಹೋದ ಮರುದಿನ, ಆಗಸ್ಟ್ 3ರಂದು ಒಪ್ಪಿಗೆ ಬಿತ್ತು. ಅಷ್ಟರಲ್ಲಿ 58 ದಿನ ಕಳೆದಿತ್ತು. ಹೊಸದಾಗಿ ಮುಂಗಡದ ಅರ್ಜಿ ಹಾಕಿ ಹಣ ಕೈಗೆ ಬಂದದ್ದು ಸೆಪ್ಟೆಂಬರ್ ಮಧ್ಯದಲ್ಲಿ. ಮೂರು ತಿಂಗಳ ಬಡ್ಡಿ 3,600 ರೂಪಾಯಿ. ತನ್ನ ಸ್ವಂತ ಹಣ 2024-25ರ ಸಾಲಿನ ದರದಂತೆ ವರ್ಷಕ್ಕೆ ಶೇಕಡಾ 8.25ರ ಬಡ್ಡಿಯಲ್ಲಿ ನಿಧಿಯಲ್ಲಿರುವಾಗ, ವರ್ಷಕ್ಕೆ ಶೇಕಡಾ 36ರಂತೆ ಹೊರಗೆ ಸಾಲ ತರಬೇಕಾಯಿತು. ಇದೇ ನಮ್ಮ ಅಂಜಿಕೆಯ ಬೆಲೆ.

ಆದುದರಿಂದ ಕಾಗದವೊಂದು ಒಪ್ಪಿಗೆ ಪಡೆಯುವ ದಾರಿ ಹೇಗಿರುತ್ತದೆ ಎಂಬುದನ್ನು ಪ್ರತಿಯೊಬ್ಬ ಕೆಲಸಗಾರನೂ ತಿಳಿದಿರಬೇಕು. ಇದು ಬಿ.ಎ. ಓದಿದವರಿಗೆ ಮಾತ್ರ ತಿಳಿಯುವ ವಿದ್ಯೆಯಲ್ಲ. ಹೋಟೆಲಿನಲ್ಲಿ ಬೆಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಿರಾಕಿ ದೋಸೆ ಕೇಳುತ್ತಾನೆ. ಸಪ್ಲೈಯರ್ ಕೂಗಿ ಹೇಳುತ್ತಾನೆ. ಒಳಗೆ ಭಟ್ಟರು ಹುಯ್ಯುತ್ತಾರೆ. ಬಿಲ್ಲು ಬರೆಯಲ್ಪಡುತ್ತದೆ, ಗಲ್ಲೆಯಲ್ಲಿ ಹಣ ಬೀಳುತ್ತದೆ. ದೋಸೆ ತಡವಾದರೆ ಗಿರಾಕಿ ಬಯ್ಯುವುದು ಸಪ್ಲೈಯರನ್ನು. ಆದರೆ ಹಳೆಯ ಸಪ್ಲೈಯರ್ ಬಯ್ಗಳು ತಿಂದು ಸುಮ್ಮನೆ ನಿಲ್ಲುವುದಿಲ್ಲ. ಹಿಟ್ಟು ಮುಗಿದಿದೆಯೋ, ಕಾವಲಿ ಕಾದಿಲ್ಲವೋ, ತಾನು ಕೂಗಿದ್ದು ಒಳಗೆ ಕೇಳಲಿಲ್ಲವೋ ಎಂದು ಒಳಹೋಗಿ ನೋಡುತ್ತಾನೆ. ಕಾಗದದ ವಿಷಯದಲ್ಲೂ ನಾವು ಮಾಡಬೇಕಾದದ್ದು ಅದನ್ನೇ.

ಯಾವ ಕಚೇರಿಯ ಕಾಗದಕ್ಕೂ ನಾಲ್ಕೈದು ಮೆಟ್ಟಿಲುಗಳಿರುತ್ತವೆ. ಮೊದಲನೆಯದು ಕರಡು. ಬರೆದವನ ಕೈಯಲ್ಲೇ ಇರುವ ಸ್ಥಿತಿ; ತಿದ್ದಬಹುದು, ಹರಿಯಬಹುದು. ಮೊಬೈಲಿನಲ್ಲಿ ಎಲ್ಲ ತುಂಬಿ ಕೊನೆಯ ಗುಂಡಿ ಒತ್ತದೆ ಬಿಟ್ಟರೆ ಅದು ಕರಡಾಗಿಯೇ ಉಳಿಯುತ್ತದೆ, ಎಲ್ಲಿಗೂ ಹೋಗುವುದಿಲ್ಲ. “ನಾನು ಹಾಕಿದ್ದೇನೆ” ಎಂದು ನಂಬಿ ತಿಂಗಳುಗಟ್ಟಲೆ ಕಾಯುವವರನ್ನು ನಾವು ಕಂಡಿದ್ದೇವೆ. ಎರಡನೆಯದು ಪರಿಶೀಲನೆ. ಬರೆದವನಲ್ಲದ ಬೇರೊಬ್ಬನು ದಾಖಲೆಗಳೊಂದಿಗೆ ತಾಳೆ ನೋಡುತ್ತಾನೆ. ಮೂರನೆಯದು ಒಪ್ಪಿಗೆ. ಅಧಿಕಾರವಿರುವವನು ಸಹಿ ಹಾಕುತ್ತಾನೆ. ನಾಲ್ಕನೆಯದು ಜಾರಿ. ಒಪ್ಪಿದ್ದು ಪುಸ್ತಕಕ್ಕೆ ಏರುತ್ತದೆ, ಹಣ ಹೊರಡುತ್ತದೆ. ಐದನೆಯದು ಕಡತಕ್ಕೆ ಸೇರುವುದು. ಹಳೆಯ ಪ್ರತಿ ಅಳಿಸಿಹೋಗಬಾರದು. ಯಾರು, ಯಾವ ದಿನ, ಏನು ತಿದ್ದಿದರು ಎಂಬುದು ಉಳಿಯಬೇಕು.

ಇಷ್ಟು ಮೆಟ್ಟಿಲು ಯಾಕೆ ಬೇಕು, ಒಬ್ಬನೇ ಮಾಡಿ ಮುಗಿಸಬಾರದೇ ಎಂದು ಕೇಳಬಹುದು. ಬಿಲ್ಲು ಬರೆಯುವವನೂ ಹಣ ಎಣಿಸುವವನೂ ಒಬ್ಬನೇ ಆದರೆ ಏನಾಗುತ್ತದೆ ಎಂಬುದು ಧಣಿಗಳಿಗೂ ಗೊತ್ತು, ನಮಗೂ ಗೊತ್ತು. ನಿಧಿಯಲ್ಲಿರುವುದು ಕೆಲಸಗಾರನ ಬೆವರಿನ ಹಣ. 15,000 ರೂಪಾಯಿ ಸಂಬಳದ ಮೇಲೆ ಶೇಕಡಾ 12ರಂತೆ ತಿಂಗಳಿಗೆ 1,800 ರೂಪಾಯಿ ಅವನ ಪಾಲು ಕಡಿತವಾಗುತ್ತದೆ, ಅಷ್ಟನ್ನೇ ಧಣಿಯೂ ಹಾಕಬೇಕು. ಅದನ್ನು ಇನ್ನಾರೋ ಹೆಸರು ಬದಲಿಸಿ ಎತ್ತಿಕೊಂಡು ಹೋಗಬಾರದೆಂದೇ ಈ ಕಾವಲು. ಮೆಟ್ಟಿಲು ಇರಬೇಕೆಂಬುದಕ್ಕೆ ನಮ್ಮ ವಿರೋಧವಿಲ್ಲ. ಮೆಟ್ಟಿಲಿನ ಮೇಲೆ ಕಾಗದ ಮಲಗಬಾರದು ಎಂಬುದಷ್ಟೇ ನಮ್ಮ ಹಟ.

ಸರ್ಕಾರಿ ಕಚೇರಿಗಳಲ್ಲಿ ಈ ಪದ್ಧತಿ ಹಳೆಯದು. ಕಡತದಲ್ಲಿ ಒಂದು ಕಡೆ ಬಂದ ಪತ್ರಗಳು, ಇನ್ನೊಂದು ಕಡೆ ಹಸಿರು ಹಾಳೆಯ ಮೇಲೆ ಟಿಪ್ಪಣಿಗಳು. ಕೆಳಗಿನ ಗುಮಾಸ್ತರು ಬರೆದು ಮೇಲೆ ಕಳಿಸುವುದು, ಮೇಲಿನವರು ಬರೆದು ಇನ್ನೂ ಮೇಲೆ ಕಳಿಸುವುದು. ಈಗ ಅದು ಕಂಪ್ಯೂಟರಿನಲ್ಲಿ ಇ-ಆಫೀಸ್ ಎಂಬ ಹೆಸರಿನಿಂದ ನಡೆಯುತ್ತಿದೆ. ಅಲ್ಲೊಂದು ಒಳ್ಳೆಯ ಏರ್ಪಾಡಿದೆ. ಹಳದಿ ಟಿಪ್ಪಣಿ ಎಂದರೆ ಕರಡು, ಬದಲಿಸಬಹುದು. ಹಸಿರು ಟಿಪ್ಪಣಿ ಬರೆದು ಕಳಿಸಿದ ಮೇಲೆ ಅದನ್ನು ಯಾರೂ ತಿದ್ದುವಂತಿಲ್ಲ. ಮೆಟ್ಟಿಲುಗಳು ಮಿತಿಮೀರಿದರೆ ಕೆಲಸ ಕೆಡುತ್ತದೆಂಬುದು ಸರ್ಕಾರಕ್ಕೂ ಮನವರಿಕೆಯಾಗಿ, 2021ರಲ್ಲಿ ಕೇಂದ್ರ ಸರ್ಕಾರವು ಕಡತ ಮೇಲೇರುವ ಹಂತಗಳು ನಾಲ್ಕನ್ನು ಮೀರಬಾರದೆಂಬ ಸುಧಾರಣೆಯನ್ನು ಕೈಗೊಂಡಿತು.

ಭವಿಷ್ಯ ನಿಧಿಯಲ್ಲೂ ಸುಧಾರಣೆಗಳಾಗಿವೆ. 2025ರ ಜನವರಿ 18ರಂದು ಹೊಸ ಏರ್ಪಾಡು ಬಂತು. ಅದರಂತೆ 2017ರ ಅಕ್ಟೋಬರ್ 1ರ ನಂತರ ಖಾತೆಯ ನಂಬರು, ಅಂದರೆ ಯು.ಎ.ಎನ್., ಪಡೆದವರು ಹೆಸರು, ಹುಟ್ಟಿದ ತಾರೀಕು, ತಂದೆ-ತಾಯಿಯ ಹೆಸರು ಮೊದಲಾದವನ್ನು ಧಣಿಯ ಒಪ್ಪಿಗೆಯಿಲ್ಲದೆ ತಾವೇ ತಿದ್ದಿಕೊಳ್ಳಬಹುದು. ಅದಕ್ಕೂ ಹಿಂದಿನ ನಂಬರಿನವರಿಗೆ ಧಣಿಯ ಒಪ್ಪಿಗೆ ಬೇಕು, ಕಚೇರಿಯ ಒಪ್ಪಿಗೆ ಬೇಡ. ಆಧಾರ್ ಜೋಡಣೆಯೇ ಆಗದವರು ಮಾತ್ರ ಕಾಗದದ ಮೇಲೆ ಬರೆದು ಧಣಿಯ ಮೂಲಕ ಕಚೇರಿಗೆ ಕಳಿಸಬೇಕು.

ಆ ದಿನ ಸರ್ಕಾರವೇ ಒಂದು ಲೆಕ್ಕ ಕೊಟ್ಟಿತು. 2024-25ರ ಸಾಲಿನಲ್ಲಿ ಧಣಿಗಳ ಮೂಲಕ ಬಂದ ಸುಮಾರು 8 ಲಕ್ಷ ತಿದ್ದುಪಡಿ ಅರ್ಜಿಗಳಲ್ಲಿ ಐದು ದಿನದೊಳಗೆ ಕಚೇರಿಗೆ ಕಳಿಸಲ್ಪಟ್ಟವು ಶೇಕಡಾ 40 ಮಾತ್ರ. ಹತ್ತು ದಿನ ಮೀರಿ ಕಳಿಸಲ್ಪಟ್ಟವು ಸುಮಾರು ಶೇಕಡಾ 47. ಧಣಿಗಳು ತೆಗೆದುಕೊಂಡ ಸರಾಸರಿ ಕಾಲ 28.4 ದಿನ! ಇಷ್ಟು ದಿನ ನಾವು “ಆಫೀಸಿನವರು, ಆಫೀಸಿನವರು” ಎಂದು ಬಯ್ಯುತ್ತಿದ್ದೆವು. ಎಷ್ಟೋ ಕಾಗದಗಳು ಆಫೀಸಿನ ಬಾಗಿಲನ್ನೇ ಕಂಡಿರಲಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 1952ರ ಯೋಜನೆಯ 72ನೇ ಪರಿಚ್ಛೇದದಲ್ಲಿ ಹಣ ಪಾವತಿಗೆ ಮೊದಲು 30 ದಿನದ ಗಡುವಿತ್ತು, 2015ರಲ್ಲಿ ಅದನ್ನು 20 ದಿನಕ್ಕೆ ಇಳಿಸಿದರು. ಆದರೆ ಆ ಲೆಕ್ಕ ಶುರುವಾಗುವುದು ಎಲ್ಲ ಸರಿಯಿರುವ ಅರ್ಜಿ ಕಚೇರಿಗೆ ಸೇರಿದ ದಿನದಿಂದ. ಧಣಿಯ ಮೇಜಿನ ಮೇಲೆ ಕಳೆದ 58 ದಿನ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಕಚೇರಿಯಲ್ಲಿ ತಡವಾದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ 10 ರೂಪಾಯಿ ಕೊಟ್ಟು ಕೇಳಬಹುದು, 30 ದಿನದೊಳಗೆ ಉತ್ತರ ಬರಬೇಕು. ಖಾಸಗಿ ಹೋಟೆಲಿನ ಗಲ್ಲೆಯ ಮುಂದೆ ನಿಂತು ಆ ಕಾಯಿದೆಯನ್ನು ತೋರಿಸಲಾಗದು. ಅಲ್ಲಿ ಕೇಳಬಲ್ಲದ್ದು ಸಂಘ ಒಂದೇ. ಒಬ್ಬನೇ ಹೋಗಿ ಕೇಳಿದರೆ “ನಿನಗೇನು ಗೊತ್ತು?” ಎನ್ನುವವರು, ಸಂಘದ ಪತ್ರ ಹೋದಾಗ ಕಂಪ್ಯೂಟರ್ ತೆರೆದು ನೋಡುತ್ತಾರೆ.

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ. ಮೇಲೆ ಹೇಳಿದ ಸದಸ್ಯರು ಸಂಘದ ಕಚೇರಿಗೆ ಬಂದು ಅರ್ಜಿ ಕೊಟ್ಟದ್ದು ಜುಲೈ 22ರಂದು. ನಾವು ಧಣಿಗೆ ಪತ್ರ ಬರೆದದ್ದು ಆಗಸ್ಟ್ 2ರಂದು. ನಡುವಿನ ಹನ್ನೊಂದು ದಿನ ಆ ಕಾಗದ ನಮ್ಮ ಮೇಜಿನ ಡ್ರಾಯರಿನಲ್ಲಿತ್ತು. ಪತ್ರ ಬರೆಯುವ ಜವಾಬ್ದಾರಿಯಿದ್ದವರು ಊರಿಗೆ ಹೋಗಿದ್ದರು. ಕೆಲಸವನ್ನು ಇನ್ನೊಬ್ಬರಿಗೆ ವಹಿಸಿರಲಿಲ್ಲ. ಹೋಟೆಲಿನ ಧಣಿ ಮಾಡಿದ ತಪ್ಪನ್ನೇ ನಾವೂ ಮಾಡಿದೆವು. ಆ ಹಿರಿಯರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಈ ಪಾಠದಿಂದ ಸಂಘದ ಕಚೇರಿಯಲ್ಲಿ ಒಂದು ರಿಜಿಸ್ಟರ್ ಇಡಲಾಗಿದೆ. ಅದರಲ್ಲಿ ಐದು ಕಾಲಮು: ಕಾಗದದ ನಂಬರು, ಬಂದ ದಿನ, ಈಗ ಯಾರ ಕೈಯಲ್ಲಿದೆ, ಅವರ ಕೈಗೆ ಹೋದ ದಿನ, ಏನಾಯಿತು. ಊರಿಗೆ ಹೋಗುವವರು ತಮ್ಮ ಕಾಗದಗಳನ್ನು ಇನ್ನೊಬ್ಬರಿಗೆ ಒಪ್ಪಿಸಿ ರಿಜಿಸ್ಟರಿನಲ್ಲಿ ಸಹಿ ಪಡೆಯತಕ್ಕದ್ದು. ಏಳು ದಿನ ಒಂದೇ ಕೈಯಲ್ಲಿ ಉಳಿದ ಕಾಗದವನ್ನು ವಾರದ ಸಭೆಯಲ್ಲಿ ಓದಿ ಹೇಳತಕ್ಕದ್ದು. ಪದಾಧಿಕಾರಿಗಳಿಗೆ ಇದರಿಂದ ಸ್ವಲ್ಪ ಮುಜುಗರವಾದೀತು; ಆಗಲಿ. ಯಾವ ಸದಸ್ಯರಾದರೂ ಬಂದು ರಿಜಿಸ್ಟರ್ ತೆರೆದು ನೋಡಬಹುದು.

ಹೋಟೆಲ್ ಧಣಿಗಳಲ್ಲಿ ನಮ್ಮ ಬೇಡಿಕೆ ಮೂರು. ಒಂದು, ಒಪ್ಪಿಗೆ ಕೊಡುವ ಸಹಿ ಒಬ್ಬರ ಹೆಸರಿನಲ್ಲಿ ಮಾತ್ರ ಇರಕೂಡದು, ಎರಡನೆಯವರನ್ನೂ ನೇಮಿಸಬೇಕು. ಎರಡು, ಕೆಲಸಗಾರನ ಅರ್ಜಿ ಐದು ದಿನದೊಳಗೆ ಮುಂದೆ ಹೋಗಬೇಕು. ಶೇಕಡಾ 40 ಅರ್ಜಿಗಳಿಗೆ ಸಾಧ್ಯವಾದದ್ದು ಉಳಿದವಕ್ಕೂ ಸಾಧ್ಯ. ಮೂರು, ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂದು ಬರೆದು ಕೊಡಬೇಕು. ಇದರಲ್ಲಿ ಧಣಿಗಳಿಗೆ ಒಂದು ಕಾಸಿನ ಖರ್ಚೂ ಇಲ್ಲ.

ಸದಸ್ಯ ಬಂಧುಗಳಲ್ಲಿ ನಮ್ಮ ಕೋರಿಕೆಯೂ ಉಂಟು. ಹಣದ ಅವಸರ ಬಂದಾಗ ಪುಸ್ತಕ ತೆರೆಯುವುದಲ್ಲ. ಇಂದೇ ನಿಮ್ಮ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಕು, ಕೆಲಸಕ್ಕೆ ಸೇರಿದ ದಿನ ಇವನ್ನು ಆಧಾರ್ ಚೀಟಿಯೊಂದಿಗೆ ತಾಳೆ ನೋಡಿರಿ. ಅರ್ಜಿ ಹಾಕಿದ ದಿನವನ್ನೂ ನಂಬರನ್ನೂ ಬರೆದಿಡಿರಿ. “ವಾಪಸು” ಮತ್ತು “ತಿರಸ್ಕಾರ” ಎರಡೂ ಒಂದೇ ಅಲ್ಲ. ವಾಪಸು ಬಂದರೆ ಅದೇ ಕಾಗದವನ್ನು ತಿದ್ದಿ ಕಳಿಸಬಹುದು. ತಿರಸ್ಕಾರವಾದರೆ ಕಾರಣ ಓದಿಸಿಕೊಂಡು ಹೊಸದಾಗಿ ಹಾಕಬೇಕು, ಸುಮ್ಮನೆ ಕಾದರೆ ಏನೂ ಬಾರದು. ಓದಲು ಬಾರದವರು ಮೊಬೈಲು ಹಿಡಿದು ಕಚೇರಿಗೆ ಬನ್ನಿರಿ. ಓದಿ ಹೇಳುವವರು ಇದ್ದಾರೆ. ಆದರೆ ಗುಪ್ತ ನಂಬರನ್ನು, ಒ.ಟಿ.ಪಿ.ಯನ್ನು, ನಮಗಾಗಲಿ ಬೇರೆ ಯಾರಿಗಾಗಲಿ ಹೇಳಕೂಡದು.

ಇನ್ನು ಮುಂದೆ ಯಾರಾದರೂ “ಮುಂದೆ ಹೋಗಿದೆ” ಎಂದರೆ ತಲೆಯಾಡಿಸಿ ಹಿಂದಿರುಗಬೇಡಿರಿ. ಕೈಮುಗಿದೇ ಕೇಳಿರಿ, ಆದರೆ ಕೇಳಿರಿ: ಯಾರ ಮೇಜಿನ ಮೇಲಿದೆ, ಎಂದಿನಿಂದ ಇದೆ? ಸಂಘದ ಕಚೇರಿಗೆ ಬಂದು ನಮ್ಮನ್ನೂ ಇದೇ ಪ್ರಶ್ನೆ ಕೇಳಿರಿ. ಉತ್ತರ ಕೊಡಲು ರಿಜಿಸ್ಟರ್ ಮೇಜಿನ ಮೇಲೆಯೇ ಇರುತ್ತದೆ.