ಉಂಡದ್ದು ಮೈಗೆ ಹತ್ತದಾಗ

ಮಿರಗದ ಮಳೆ ಒಂದು ವಾರ ತಡವಾದರೆ ಸಾಕು, ಭಾಲ್ಕಿ ತಾಲ್ಲೂಕಿನ ಹಲಬರ್ಗಾದಂಥ ಊರುಗಳಲ್ಲಿ ಮಾತಿನ ದನಿಯೇ ಬದಲಾಗುತ್ತದೆ. ಬೀಜ, ಗೊಬ್ಬರ ತಂದಿಟ್ಟಾಗಿರುತ್ತದೆ. ಸೋಯಾ, ತೊಗರಿ, ಹೆಸರು, ಉದ್ದು ಎಲ್ಲವೂ ಮುಗಿಲು ನೋಡಿ ಬಿತ್ತುವಂಥವು. ಅಂಥ ದಿನಗಳಲ್ಲಿ ಮನೆಯ ಹಿರಿಯ ಹೆಣ್ಣುಮಕ್ಕಳು ಮಗನ ತಾಟಿನ ಕಡೆ ನೋಡಿ ಅನ್ನುತ್ತಾರೆ: 'ಉಣ್ಣೋದು ಉಣ್ತಾನ, ಮೈಗಿ ಹತ್ತವಲ್ದು.' ರೊಟ್ಟಿ ಅಷ್ಟೇ, ಬೇಳೆ ಅಷ್ಟೇ, ಪುಂಡಿಪಲ್ಯವೂ ಅಷ್ಟೇ. ಆದರೂ ಅಂಗಿ ಸಡಿಲಾಗುತ್ತದೆ, ರಟ್ಟೆ ಸಣ್ಣದಾಗುತ್ತದೆ. ಚಿಂತೆ ಮೈ ತಿನ್ನುತ್ತಿದೆ ಎಂಬ ಈ ಮಾತನ್ನು ನಾನು ಬಹಳ ಕಾಲ ಹೋಲಿಕೆ ಎಂದೇ ತಿಳಿದಿದ್ದೆ. ಮೈ ಹಾಗೆ ಕರಗುವುದನ್ನು ಗ್ರಾಂ ಲೆಕ್ಕದಲ್ಲಿ ಅಳೆದವರಿದ್ದಾರೆ ಎಂದು ಗೊತ್ತಾದದ್ದು ತಡವಾಗಿ.

ಅಳೆದವರು ಗ್ಲಾಸ್ಗೋದ ಡೇವಿಡ್ ಕತ್‌ಬರ್ಟ್‌ಸನ್. 1930ರ ಸುಮಾರಿಗೆ ಅವರು ಕಾಲಿನ ಎಲುಬು ಮುರಿದುಕೊಂಡವರ ಮೂತ್ರವನ್ನು ದಿನವೂ ಪರೀಕ್ಷಿಸಿದರು. ಪೆಟ್ಟು ಬಿದ್ದದ್ದು ಕಾಲಿಗೆ. ಮೂತ್ರದಲ್ಲಿ ಹೋಗುತ್ತಿದ್ದ ಸಾರಜನಕ ಮಾತ್ರ ಇಡೀ ಮೈಯ ಸ್ನಾಯು ಕರಗುತ್ತಿರುವ ಸುದ್ದಿ ಹೇಳುತ್ತಿತ್ತು. ಚೆನ್ನಾಗಿ ಉಣ್ಣಿಸಿದರೆ ನಷ್ಟ ತಗ್ಗಿತು, ನಿಲ್ಲಲಿಲ್ಲ. 1 ಗ್ರಾಂ ಸಾರಜನಕ ಹೊರಬಿದ್ದರೆ ಸುಮಾರು 6.25 ಗ್ರಾಂ ಪ್ರೋಟೀನು ಒಡೆದಿದೆ ಎಂದು ಲೆಕ್ಕ. ಹಸಿ ಸ್ನಾಯುವಿನ ತೂಕದಲ್ಲಿ ಅದು ಹತ್ತಿರ ಹತ್ತಿರ 30 ಗ್ರಾಂ. ಮೈಯೆಲ್ಲ ಸುಟ್ಟವರಲ್ಲಿ ದಿನಕ್ಕೆ 20 ಗ್ರಾಂ ಸಾರಜನಕ ಹೋಗುವುದುಂಟು, ಅಂದರೆ ಅರ್ಧ ಕಿಲೋಗೂ ಮಿಕ್ಕಿ ಸ್ನಾಯು. ಮಳೆಯ ಚಿಂತೆ ಸುಟ್ಟಗಾಯದಷ್ಟು ಸುಲಿಯುವುದಿಲ್ಲ. ಆದರೆ ಎರಡೂ ಹಿಡಿಯುವ ದಾರಿ ಒಂದೇ.

ಆ ದಾರಿ ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳಿಂದ ಹೊರಡುತ್ತದೆ. ಅಲ್ಲಿಂದ ಬರುವ ಅಡ್ರಿನಲಿನ್ ಗಳಿಗೆಯ ಆಳು. ಹಾವು ಕಂಡಾಗ ಎದೆ ಬಡಿಸುವುದು ಅದೇ. ಅಲ್ಲಿಂದಲೇ ಬರುವ ಕಾರ್ಟಿಸಾಲ್ ನಿಧಾನದ ಯಜಮಾನ. ತಾಸುಗಟ್ಟಲೆ, ದಿನಗಟ್ಟಲೆ ಮನೆವಾರ್ತೆ ನಡೆಸುತ್ತದೆ. ಅದರ ಮುಂದಿನ ಪ್ರಶ್ನೆ ಒಂದೇ: ಮಿದುಳಿಗೆ ದಿನಕ್ಕೆ 120 ಗ್ರಾಂನಷ್ಟು ಸಕ್ಕರೆ ಎಲ್ಲಿಂದ ತರುವುದು? ಯಕೃತ್ತಿನ ದಾಸ್ತಾನು ಒಂದು ದಿನಕ್ಕೆ ಬರಿದಾಗುತ್ತದೆ. ಕೊಬ್ಬು ಎಷ್ಟೇ ಇದ್ದರೂ ಅದರಿಂದ ಸಕ್ಕರೆ ಹುಟ್ಟುವುದು ಅತ್ಯಲ್ಪ. ಉಳಿದದ್ದು ಸ್ನಾಯು.

ಜೋಳಕ್ಕೆ ಹಗೇವು ಇದೆ, ಮೈಯ ಕೊಬ್ಬಿಗೂ ಇದೆ. ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳಿಗೆ ಮಾತ್ರ ಹಗೇವು ಇಲ್ಲ. ಸ್ನಾಯುವಿನಲ್ಲಿರುವ ಪ್ರೋಟೀನೆಲ್ಲ ಏನಾದರೊಂದು ಕೆಲಸದಲ್ಲಿ ತೊಡಗಿರುವಂಥದ್ದು. ಕೆಟ್ಟ ವರ್ಷದಲ್ಲಿ ಒಕ್ಕಲಿಗ ಎತ್ತು ಮಾರಿದಂತೆ ಇದು: ದುಡಿಯುವುದೂ ಅದೇ, ಆಪತ್ತಿಗೆ ಒದಗುವ ಆಸ್ತಿಯೂ ಅದೇ. ಕಾರ್ಟಿಸಾಲ್ ಹೇಳಿದಂತೆ ಸ್ನಾಯು ತನ್ನನ್ನು ತಾನೇ ಬಿಚ್ಚುತ್ತದೆ. ಹಾಗೆ ಬಿಚ್ಚಿ ರಕ್ತಕ್ಕೆ ಬಿಡುವುದರಲ್ಲಿ ಅರ್ಧಕ್ಕೂ ಹೆಚ್ಚು ಅಲನೈನ್ ಮತ್ತು ಗ್ಲುಟಮೈನ್ ಎಂಬ ಎರಡೇ ಅಮೈನೋ ಆಮ್ಲಗಳು. ಅಲನೈನನ್ನು ಯಕೃತ್ತು ಬಿಡಿಸಿ ಇಂಗಾಲದ ಭಾಗವನ್ನು ಸಕ್ಕರೆ ಮಾಡುತ್ತದೆ, ಸಾರಜನಕವನ್ನು ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸುತ್ತದೆ. ಅದೇ ಹೊತ್ತಿಗೆ ಹೊಸ ಸ್ನಾಯು ಕಟ್ಟುವ ಕೆಲಸಕ್ಕೂ ಕಾರ್ಟಿಸಾಲ್ ತಡೆ ಹಾಕಿರುತ್ತದೆ. ತಾಟಿನ ಬೇಳೆ ಹೊಟ್ಟೆಗೆ ಹೋಗುತ್ತದೆ, ರಕ್ತಕ್ಕೂ ಸೇರುತ್ತದೆ, ರಟ್ಟೆಯ ಬಾಗಿಲು ಮಾತ್ರ ಮುಚ್ಚಿರುತ್ತದೆ. 'ಹತ್ತವಲ್ದು' ಎಂಬ ಕ್ರಿಯಾಪದಕ್ಕಿಂತ ಚೊಕ್ಕ ವಿವರಣೆ ನನಗೆ ಪಠ್ಯಪುಸ್ತಕದಲ್ಲಿ ಸಿಕ್ಕಿಲ್ಲ.

ಮುಂದಿನ ಕಥೆ ನಮ್ಮ ಹತ್ತಿರದ್ದು. ಹಲಬರ್ಗಾ ಸ್ಟೇಷನ್ನಿನ ಹಳಿ ಬೀದರ, ವಿಕಾರಾಬಾದ ದಾಟಿ ಹೈದರಾಬಾದಿನ ಕಡೆ ಹೋಗುತ್ತದೆ. 1918ರಲ್ಲಿ ಕುನೂರಿನಲ್ಲಿ ಶುರುವಾಗಿ 1958ರಲ್ಲಿ ಹೈದರಾಬಾದಿಗೆ ಬಂದ ಸಂಶೋಧನಾಲಯವೇ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಅಲ್ಲಿ ಸಿ. ಗೋಪಾಲನ್, ಎಸ್. ಜಿ. ಶ್ರೀಕಂಠಯ್ಯ, ಕೆ. ಎಸ್. ಜಯರಾವ್ ಅವರನ್ನು ಒಂದು ಒಗಟು ಕಾಡಿತು. ಒಂದೇ ಬಗೆಯ ಬಡತನ, ಒಂದೇ ಬಗೆಯ ಅರೆಹೊಟ್ಟೆ. ಆದರೂ ಒಂದು ಮಗು ಎಲುಬಿನ ಗೂಡಾಗುತ್ತದೆ, ಇನ್ನೊಂದು ಪಾದ, ಮುಖ ಬಾತು ದುಂಡಗೆ ಕಾಣುತ್ತದೆ. ಮೊದಲನೆಯದು ಮರಾಸ್ಮಸ್, ಎರಡನೆಯದು ಕ್ವಾಷಿಯೋರ್ಕರ್. 1968ರಲ್ಲಿ ಅವರು ಪ್ರಕಟಿಸಿದ ರಕ್ತಪರೀಕ್ಷೆಯ ಪ್ರಕಾರ ಇಬ್ಬರಲ್ಲೂ ಕಾರ್ಟಿಸಾಲ್ ಏರಿತ್ತು, ಒಣಗಿದ ಮಗುವಿನಲ್ಲಿ ಇನ್ನೂ ಹೆಚ್ಚು. ಗೋಪಾಲನ್ ಇದಕ್ಕೆ ಹೊಸ ಅರ್ಥ ಕೊಟ್ಟರು. ಒಣಗಿದ ಮಗು ತನ್ನ ಸ್ನಾಯುವನ್ನು ಮಾರಿ ಯಕೃತ್ತಿಗೆ ಅಮೈನೋ ಆಮ್ಲ ಒದಗಿಸಿದೆ; ಅದರಿಂದ ರಕ್ತದ ಆಲ್ಬುಮಿನ್ ಎಂಬ ಪ್ರೋಟೀನು ಉಳಿದು ನೀರು ತನ್ನ ಜಾಗದಲ್ಲಿ ನಿಂತಿದೆ. ಬಾತ ಮಗುವಿಗೆ ಆ ಹೊಂದಾಣಿಕೆಯೇ ಮುರಿದುಬಿದ್ದಿದೆ. ಕ್ವಾಷಿಯೋರ್ಕರ್ ಏಕೆ ಬರುತ್ತದೆ ಎಂಬ ಚರ್ಚೆ ಆಮೇಲೆಯೂ ಮುಗಿದಿಲ್ಲ. ಆದರೆ ಹೈದರಾಬಾದಿನವರು ಕಲಿಸಿದ ಒಂದು ಪಾಠ ಉಳಿದಿದೆ: ಸೊರಗುವುದು ಮೈ ಸೋತದ್ದರ ಗುರುತಾಗಿರಬೇಕಿಲ್ಲ, ಅದು ಹೋರಾಡುತ್ತಿರುವುದರ ಗುರುತೂ ಆದೀತು, ದುಂಡಗೆ ಕಾಣುವವರು ಕ್ಷೇಮ ಎಂದೂ ಅಲ್ಲ.

ಕಾರ್ಟಿಸಾಲಿನ ಆಳ್ವಿಕೆ ತಿಂಗಳುಗಟ್ಟಲೆ ಮಿತಿಮೀರಿದರೆ ದುಂಡಗೆ ಕಾಣುವ ಇದೇ ಮೋಸ ಬೇರೆ ರೂಪದಲ್ಲಿ ಬರುತ್ತದೆ. ಹಾರ್ವೆ ಕುಶಿಂಗ್ 1932ರಲ್ಲಿ ವಿವರಿಸಿದ, ಈಗ ಅವರ ಹೆಸರಿನಲ್ಲೇ ಇರುವ ಕಾಯಿಲೆಯಲ್ಲಿ ಮುಖ ಹುಣ್ಣಿಮೆಯ ಚಂದ್ರನಂತೆ ತುಂಬುತ್ತದೆ, ಕೈಕಾಲು ಕಡ್ಡಿಯಾಗುತ್ತವೆ. ಮೈ ತುಂಬಲಿ ಎಂದು ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ಮಾತ್ರೆ ನುಂಗುವವರು ಕೊಳ್ಳುವುದೂ ಇದನ್ನೇ: ಕೆನ್ನೆ ಉಬ್ಬುತ್ತದೆ, ತೊಡೆ ಕರಗುತ್ತದೆ, ಮನೆಯವರು 'ಸುಧಾರಿಸ್ಯಾನ' ಅನ್ನುತ್ತಾರೆ.

ಹಲಬರ್ಗಾದ ಹೊಲದಲ್ಲಿ ತೊಗರಿಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಜೂನಿನಲ್ಲಿ ಬಿತ್ತಿದ್ದು ಡಿಸೆಂಬರಿನ ಹೊತ್ತಿಗೆ ಕಾಳಾಗಬೇಕು, ಬೇಳೆಯಾಗಿ ಕುದಿಯಬೇಕು, ಆಮೇಲೆ ರಟ್ಟೆ ಸೇರಬೇಕು. ಅಷ್ಟು ದೂರದಿಂದ ಬಂದದ್ದನ್ನು ಚಿಂತೆ ಬಚ್ಚಲಿಗೆ ಹರಿಸುತ್ತದೆ.

ಅಂಗನವಾಡಿಯಲ್ಲಿ ಮಗುವಿನ ಪೋಷಣೆ ನೋಡಲು ರಟ್ಟೆಗೆ ಪಟ್ಟಿ ಸುತ್ತುತ್ತಾರೆ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನವರಲ್ಲಿ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅಪಾಯ. ಪಾದವನ್ನೂ ಒತ್ತಿ ಊತ ನೋಡುತ್ತಾರೆ. ಮುಖ ನೋಡಿ ತೀರ್ಮಾನಿಸುವುದಿಲ್ಲ. ದೊಡ್ಡವರಿಗೆ ಅಂಥ ಪಟ್ಟಿ ಹಿಡಿಯುವವರಿಲ್ಲ. 'ಊಟ ಆತೇನ್ರಿ?' ಎಂದು ಕೇಳುತ್ತೇವೆ, 'ಆತ್ರಿ' ಎಂದು ಉತ್ತರ ಬರುತ್ತದೆ, ಮುಂದೆ ನಡೆಯುತ್ತೇವೆ. ಊಟ ಆಗಿರುವುದು ನಿಜವೇ. ಅದು ಹತ್ತಿದೆಯೋ ಇಲ್ಲವೋ ನೋಡಲು ಕಟ್ಟೆಯ ಮೇಲೆ ಇನ್ನೊಂದು ಗಳಿಗೆ ಕೂತು, ಮಳೆಯ ಮಾತು, ಸಾಲದ ಮಾತು ಹೊರಬರುವ ತನಕ ಕಾಯಬೇಕಾಗುತ್ತದೆ.