ತೃಪ್ತಿಯೊಂದೇ ಅಳತೆಗೋಲಲ್ಲ

ಆಲ್ದೂರಿನ ಕಾಫಿ ತೋಟದ ಲೈನ್ ಮನೆಯಿಂದ ಚಿಕ್ಕಮಗಳೂರಿಗೆ ಹೋಗಿಬರುವುದು ನಡೆಯಲಾಗದವರಿಗೆ ದಿನವಿಡೀ ಯಾತನೆ. ಜೊತೆಗೆ ಹೋಗುವವರಿಗೆ ಒಂದು ದಿನದ ಕೂಲಿ ನಷ್ಟ. ಗಾಲಿಕುರ್ಚಿಯ ತಪಾಸಣೆಯನ್ನು ಮೊಬೈಲಿನ ವಿಡಿಯೋ ಕರೆಯಲ್ಲೇ ಮುಗಿಸಬಹುದೆಂದರೆ ಬೇಡವೆನ್ನುವವರು ಯಾರು? ನಾನೂ ಬೇಡವೆನ್ನುವುದಿಲ್ಲ. ಆದರೆ, "ರೋಗಿಗಳೇ ತೃಪ್ತರಾಗಿರುವಾಗ ಇನ್ನೇನು ಬೇಕು?" ಎಂಬ ವಾದವನ್ನು ಒಪ್ಪಲಾರೆ.

ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೂರದ ತಪಾಸಣೆಯು ಮುಖಾಮುಖಿ ತಪಾಸಣೆಯಷ್ಟೇ ಫಲ ನೀಡಿತೆಂಬುದು ನಿಜ. ಆದರೆ ಅಲ್ಲಿ ಪರದೆಯಾಚೆ ಇದ್ದವರು ತಜ್ಞರು ಮಾತ್ರ. ರೋಗಿಯ ಪಕ್ಕದಲ್ಲಿ ಚಿಕಿತ್ಸಕರೊಬ್ಬರು ಇದ್ದೇ ಇದ್ದರು. ಆ ಕೈಗಳನ್ನು ಬಿಟ್ಟು ಪರದೆಯನ್ನಷ್ಟೇ ನಮ್ಮ ಬೆಟ್ಟಗಳಿಗೆ ತರುವುದು ನ್ಯಾಯವೇ?

ಕೈಗಳೇಕೆ ಬೇಕು? ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಸೊಂಟದ ಕೆಳಗೆ ಸ್ಪರ್ಶಜ್ಞಾನ ಇಲ್ಲದಿರಬಹುದು. ಆಸನದ ಒತ್ತಡದಿಂದ ಹುಣ್ಣಾಗುತ್ತಿದ್ದರೂ ಅವರಿಗೆ ನೋವಿಲ್ಲ; ನೋವಿಲ್ಲದ ಮೇಲೆ ದೂರೂ ಇಲ್ಲ. ಕುಳಿತವರ ಪೃಷ್ಠದ ಮೂಳೆಗಳ ಅಡಿಗೆ ಬೆರಳಿಟ್ಟು ಒತ್ತಡವನ್ನು ಪರೀಕ್ಷಿಸಬೇಕು. ಮೊಣಕಾಲ ಹಿಂಬದಿಗೂ ಆಸನದ ಅಂಚಿಗೂ ನಡುವೆ ಎರಡು ಬೆರಳಷ್ಟು ಜಾಗವಿದೆಯೇ ಎಂದು ನೋಡಬೇಕು. ಯಾವ ಕ್ಯಾಮೆರಾಕ್ಕೆ ಬೆರಳುಗಳಿವೆ?

ಬಡವರ ತೃಪ್ತಿಯನ್ನೂ ಅರಿತು ಓದಬೇಕು. ವರ್ಷಗಟ್ಟಲೆ ಚಾಪೆಯ ಮೇಲೆ ಕಳೆದವರು ಯಾವ ಕುರ್ಚಿ ಬಂದರೂ ಕೈಮುಗಿಯುತ್ತಾರೆ. ಅದು ಕೃತಜ್ಞತೆಯೇ ಹೊರತು ಕುರ್ಚಿ ದೇಹಕ್ಕೆ ಒಪ್ಪಿತೆಂಬ ಪ್ರಮಾಣಪತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2008ರ ತನ್ನ ಮಾರ್ಗಸೂಚಿಯಲ್ಲಿ ಗಾಲಿಕುರ್ಚಿ ಸೇವೆಗೆ 8 ಹಂತಗಳನ್ನು ಹೇಳಿದೆ. ತಪಾಸಣೆ ಅವುಗಳಲ್ಲಿ ಒಂದು ಮಾತ್ರ. ಕುರ್ಚಿಯನ್ನು ದೇಹಕ್ಕೆ ಹೊಂದಿಸುವುದು, ಬಳಕೆಯ ತರಬೇತಿ ಹಾಗೂ ಮುಂದಿನ ಭೇಟಿಗಳೂ ಅದರಲ್ಲಿ ಸೇರಿವೆ. ಕುರ್ಚಿ ಕೊಟ್ಟು ಫೋಟೋ ತೆಗೆಸಿಕೊಂಡಲ್ಲಿಗೆ ಸೇವೆ ಮುಗಿಯುವುದಿಲ್ಲ.

ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅಳತೆ ಟೇಪು ಹಿಡಿಯಲು, ಒತ್ತಡವನ್ನು ಪರೀಕ್ಷಿಸಲು ಅವರಿಗೆ ತರಬೇತಿ ಕೊಡಿಸಲಿ. ವಿಡಿಯೋ ಕರೆಯ ವೇಳೆ ಅವರು ರೋಗಿಯ ಪಕ್ಕದಲ್ಲಿರಲಿ. ಮನೆಯವರು ಹೊಸ್ತಿಲನ್ನೂ ಅಂಗಳದ ಇಳಿಜಾರನ್ನೂ ತಜ್ಞರಿಗೆ ತೋರಿಸಲಿ. ಪ್ರತಿ ರಾತ್ರಿ ರೋಗಿಯ ಚರ್ಮವನ್ನು ಪರೀಕ್ಷಿಸಲಿ.

ಪ್ರಿಯ ಓದುಗರೇ, ಮೂರು ತಿಂಗಳ ಬಳಿಕ ನಾವು ಕೇಳಬೇಕಾದ ಪ್ರಶ್ನೆ "ತೃಪ್ತಿಯಾಯಿತೇ?" ಎಂಬುದಲ್ಲ. "ಚರ್ಮ ಎಲ್ಲಿಯಾದರೂ ಕೆಂಪಾಗಿದೆಯೇ? ಈ ಮಳೆಯಲ್ಲಿ ಅಂಗಳ ದಾಟಲು ಸಾಧ್ಯವಾಯಿತೇ?" ಎಂದು ಕೇಳೋಣ. ಉತ್ತರ ಸಿಗುವವರೆಗೆ ಆ ತಪಾಸಣೆ ಮುಗಿದಿಲ್ಲವೆಂದೇ ತಿಳಿಯೋಣ.